ಡೊಂಕು ನೆಲದ ಅಡುಗೆಮನೆ

ಆ ಬೀದಿಯವರಿಗೆಲ್ಲ ಅವಳು ಚಿಕ್ಕಮ್ಮ. ಅಕ್ಕನ ಮಕ್ಕಳು ಹಾಗೆ ಕರೆಯುವುದನ್ನು ಕೇಳಿ ಕೇಳಿ ಊಟಕ್ಕೆ ಬರುವ ಗಿರಾಕಿಗಳೂ ಅದನ್ನೇ ಹಿಡಿದುಬಿಟ್ಟಿದ್ದರು. ಗಂಡ ಸತ್ತ ಮೇಲೆ ಅಕ್ಕ-ಭಾವನ ಹೋಟೆಲಿಗೆ ಬಂದವಳು ಒಲೆಯ ಮುಂದೆ ನಿಂತು ನಿಂತೇ ತಲೆ ನರೆಸಿಕೊಂಡಿದ್ದಳು.

ಭಾವ ಹರೆಯದಲ್ಲಿ ಹಡಗೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದವನು. ಅಲ್ಲಿ ಚೀನಾದ ಅಡುಗೆಯವನೊಬ್ಬನಿಂದ ಕಲಿತು ಬಂದ ಒಂದೇ ಒಂದು ವಿದ್ಯೆ ಆ ಮನೆಯವರ ಹೊಟ್ಟೆ ಹೊರೆಯುತ್ತಿತ್ತು: ಕಾಳಿನ ಸಾಸಿನ ಬದನೆಕಾಯಿ. ಕಾಳಿಗೆ ಕೆಂಪು ಮೆಣಸಿನಕಾಯಿ, ಉಪ್ಪು ಬೆರೆಸಿ, ಜಾಡಿಯಲ್ಲಿ ತಿಂಗಳುಗಟ್ಟಲೆ ಹುದುಗು ಬರಲು ಬಿಟ್ಟ ಸಾಸು ಭಾವನ ಕೈಗುಣ. ಬದನೆಕಾಯಿ ಚಿಕ್ಕಮ್ಮನ ಪಾಲು. ಉದ್ದುದ್ದ ಸೀಳಿ, ಉಪ್ಪು ಸವರಿ, ನೀರು ಬಿಟ್ಟ ಮೇಲೆ ಹಿಂಡಿ, ಚಪ್ಪಟೆ ತಳದ ಅಗಲ ಬಾಣಲೆಯಲ್ಲಿ ಒಂದೊಂದೇ ಹೋಳನ್ನು ಮಲಗಿಸಿ ಕರಿಯುತ್ತಿದ್ದಳು. ಸಿಪ್ಪೆಯ ನೇರಳೆ ಬಣ್ಣ ಮಾಸಬಾರದು. ಅದೇ ಅವಳ ಹೆಮ್ಮೆ.

ಒಂದು ಬೆಳಿಗ್ಗೆ ಬಲಗಡೆಯ ಹೋಳುಗಳು ಸೀದು, ಎಡಗಡೆಯವು ಎಣ್ಣೆ ಕುಡಿದು ಮುದ್ದೆಯಾದವು. ಬಗ್ಗಿ ನೋಡಿದಳು. ಎಣ್ಣೆಯೆಲ್ಲ ಎಡಕ್ಕೆ, ಗೋಡೆಯ ಕಡೆಗೆ ಸರಿದು ನಿಂತಿತ್ತು. ಒಲೆಯ ಕಾಲಿನಡಿ ರಟ್ಟು ಮಡಚಿಟ್ಟಳು. ಕೆಲವು ದಿನ ಸರಿಹೋಯಿತು. ಆಮೇಲೆ ರಟ್ಟು ಸಾಲದೆ ಮರದ ಚೂರು ಇಟ್ಟಳು. ಅದೂ ಸಾಲದೆ ಇಟ್ಟಿಗೆಯ ತುಂಡು.

ಗೋಡೆಯಾಚೆ ಹಳೇ ಗೋದಾಮು ಕೆಡವಿ, ಹೊಸ ಕಟ್ಟಡಕ್ಕೆಂದು ಗುಂಡಿ ತೋಡುತ್ತಿದ್ದರು. ಯಂತ್ರ ಮಣ್ಣಿಗೆ ಬಾಯಿ ಹಾಕಿದಾಗಲೆಲ್ಲ ಸಾಸಿನ ಜಾಡಿಗಳ ಮುಚ್ಚಳಗಳು ಕಟಕಟ ಎನ್ನುತ್ತಿದ್ದವು.

"ಭಾವ, ನೆಲ ವಾಲ್ತಾ ಇದೆ. ಆ ಗೋಡೆ ಒಂದ್ಸಲ ಯಾರಿಗಾದ್ರೂ ತೋರ್ಸಿ" ಎಂದಳು.

ಭಾವ ಗಿರಾಕಿಗಳ ಕಡೆ ಕಣ್ಣು ಮಿಟುಕಿಸಿದ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ನಮ್ ನಾದಿನಿ ಬದನೆಕಾಯಿ ಸೀಯಿಸಿ ನೆಲದ ಮೇಲೆ ಹಾಕ್ತಿದ್ದಾಳೆ ನೋಡಿ."

ಹೋಟೆಲು ಘೊಳ್ಳೆಂದು ನಕ್ಕಿತು. ಚಿಕ್ಕಮ್ಮನೂ ನಕ್ಕಳು. ಆದರೆ ಮತ್ತೆ ಹೇಳಿದಳು, ಮತ್ತೂ ಹೇಳಿದಳು. ಹಿತ್ತಿಲ ಬಾಗಿಲು ಹಾಕಲು ಬರದಾದಾಗ ಹೇಳಿದಳು. ಜಾಡಿಗಳ ಹಿಂದೆ ಬೆರಳು ಹೋಗುವಷ್ಟು ಬಿರುಕು ಕಂಡು, ಅದರೊಳಗಿಂದ ಹಸಿಮಣ್ಣಿನ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗಲೂ ಹೇಳಿದಳು. "ಹಳೇ ಕಟ್ಟಡ, ಹಾಗೇ ಇರುತ್ತೆ ಬಿಡೇ" ಎಂದು ಅಕ್ಕ ಬಿರುಕಿಗೆ ಬಟ್ಟೆ ತುರುಕಿದಳು. ಚಿಕ್ಕಮ್ಮನಿಗೆ ಮಾತ್ರ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಅದೊಂದು ಮಧ್ಯಾಹ್ನ ಸಾಸು ಎಣ್ಣೆಗೆ ಬಿದ್ದು, ಕೆಂಪು ಬಿಡುತ್ತಿತ್ತು. ಬೆಳ್ಳುಳ್ಳಿ ಹಾಕಲು ಕೈ ಚಾಚಿದವಳು ಹಾಗೇ ನಿಂತಳು. ಅವಳ ಕಣ್ಣೆದುರೇ, ಯಾರೂ ಮುಟ್ಟದೆ, ಎಣ್ಣೆ ನಿಧಾನವಾಗಿ ಎಡಕ್ಕೆ ಜಾರಿತು. ಮೇಲಿನಿಂದ ಸುಣ್ಣದ ಪುಡಿ ಬಾಣಲೆಗೆ ಉದುರಿತು.

ಒಲೆ ಆರಿಸಿ ಹೊರಗೆ ಓಡಿದಳು. "ಗ್ಯಾಸ್ ಸೋರ್ತಿದೆ! ಎಲ್ಲಾ ಹೊರಗೆ ಬನ್ನಿ!"

ಗ್ಯಾಸ್ ಸೋರುತ್ತಿರಲಿಲ್ಲ. ಆದರೆ ಗಿರಾಕಿಗಳು ತಟ್ಟೆ ಬಿಟ್ಟು ಎದ್ದರು. ಮಹಡಿಯ ಮೇಲಿನ ಹೊಲಿಗೆ ಹೆಂಗಸರು ಬರಿಗಾಲಲ್ಲಿ ಇಳಿದು ಬಂದರು. ಎಲ್ಲರೂ ರಸ್ತೆಯ ಆಚೆ ನಿಂತು ಕಾದರು. ಕಟ್ಟಡ ಕಲ್ಲಿನಂತೆ ನಿಂತೇ ಇತ್ತು. ಗ್ಯಾಸಿನವನು ಬಂದು ಪೈಪೆಲ್ಲ ಮೂಸಿ, "ಏನೂ ಇಲ್ಲವಲ್ಲಮ್ಮ" ಎಂದ.

"ತಲೆ ಕೆಟ್ಟಿದೆಯೇನಮ್ಮಾ ನಿನಗೆ?" ಎಂದು ಬೈಯುತ್ತ ಗಿರಾಕಿಗಳು ಚದುರಿದರು. ಹೊಲಿಗೆಯವರು ಗೊಣಗುತ್ತ ಮೆಟ್ಟಿಲು ಹತ್ತಿದರು. ಭಾವ ಬೈಯಲೂ ಇಲ್ಲ. "ಇನ್ನು ಒಲೆ ಹತ್ರ ಬರ್ಬೇಡ" ಎಂದಷ್ಟೇ ಹೇಳಿ, ಅರ್ಧಕ್ಕೆ ನಿಂತ ಅಡುಗೆ ತಾನೇ ಮುಗಿಸಲು ಒಳಗೆ ಹೋದ.

ಚಿಕ್ಕಮ್ಮ ಎದುರಿನ ಜಗಲಿಯ ಮೇಲೆ ಕೂತುಬಿಟ್ಟಳು. ಒಳಗಿನಿಂದ ಬದನೆಕಾಯಿಯ ಘಮ ಬರುತ್ತಿತ್ತು. ಅಕ್ಕ ಸೌಟು ಹಿಡಿದೇ ರಸ್ತೆ ದಾಟಿ ಬಂದು, "ಏಳೇ, ಮಾನ ಕಳೀಬೇಡ" ಎಂದು ತೋಳು ಹಿಡಿದು ಎಳೆದಳು.

ಆಗ ಅಕ್ಕನ ಬೆನ್ನ ಹಿಂದೆ, ಮೂಟೆ ಇಳಿಸಿದಂಥ ಒಂದು ಸದ್ದು. ಅಷ್ಟೆ.

ಅಡುಗೆಮನೆಯ ಗೋಡೆ ಗುಂಡಿಯೊಳಕ್ಕೆ ಹೋಗಿತ್ತು. ಮಹಡಿ ಹೇಗೋ ಜೋತಾಡಿಕೊಂಡು ನಿಂತಿದ್ದರಿಂದ ಹೊಲಿಗೆಯವರನ್ನು ಏಣಿ ಹಾಕಿ ಇಳಿಸಿದರು. ಭಾವನನ್ನು ಗುಂಡಿಯ ಕೂಲಿಯವರೇ ಮಣ್ಣು ಬಗೆದು ತೆಗೆದರು. ಉಸಿರಿರಲಿಲ್ಲ.

ಹೊಸ ಕಟ್ಟಡ ಕಟ್ಟಿಸುವವನು ಗುಂಡಿ ತೋಡುವವನ ಮೇಲೆ ತಪ್ಪು ಹಾಕಿದ, ಗುಂಡಿಯವನು ಹಳೇ ಗೋಡೆಯ ಮೇಲೆ. ಅಕ್ಕ ಯಾರನ್ನೂ ದೂರಲಿಲ್ಲ. ಎಷ್ಟೋ ದಿನದ ಮೇಲೆ ಒಂದು ಸಂಜೆ ಅಕ್ಕಿ ಆರಿಸುತ್ತ ತಲೆಯೆತ್ತದೆ ಕೇಳಿದಳು: "ಗ್ಯಾಸ್ ಅಂತ ಯಾಕೆ ಸುಳ್ಳು ಹೇಳ್ದೆ? ಗೋಡೆ ಬೀಳುತ್ತೆ ಅಂದಿದ್ರೆ ಅವ್ರು ಮತ್ತೆ ಒಳಗೆ ಹೋಗ್ತಿರ್ಲಿಲ್ಲ."

"ಗೋಡೆ ಅಂತ ನಾನು ಎಷ್ಟ್ ಸಲ ಹೇಳ್ದೆ ಅಕ್ಕಾ..."

ಅಕ್ಕ ಮೊರ ಕೆಳಗಿಟ್ಟು ಎದ್ದು ಹೋದಳು. ಈಗ ಇಬ್ಬರೂ ಬೇರೆಯವರ ಮನೆಗಳಲ್ಲಿ ಅಡುಗೆ ಮಾಡುತ್ತಾರೆ, ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಅವರ ನಡುವೆ ಮಾತು ನೀರು, ದೀಪ, ಚಿಲಕಕ್ಕೆ ಮುಗಿಯುತ್ತದೆ. ಚಿಲಕ ಹಾಕುವವಳು ಅಕ್ಕ. ಹಾಕಿದ ಮೇಲೂ ಚಿಕ್ಕಮ್ಮ ಬಹಳ ಹೊತ್ತು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾಳೆ.