ಅಕ್ಕನ ಇಲಿವಾರ

ನಮ್ಮ ಕಡೆ ಗಣೇಶ ಚೌತಿಯ ಮರುದಿನ ಇಲಿವಾರ. ಅಂದು ಕತ್ತರಿ ಮುಟ್ಟುವಂತಿಲ್ಲ, ಇಲಿಗೆ ಬೈಯುವಂತಿಲ್ಲ. ಗಣಪತಿಯ ವಾಹನಕ್ಕೆಂದು ಕಾಳಿನ ಕೋಣೆಯಲ್ಲಿ ಕಡುಬು ಇಡಬೇಕು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಮೊದಲ ಮಹಡಿಯ ಮನೆಯಲ್ಲಿರುವ ನಾನು ಇದನ್ನೆಲ್ಲ ಎಂದೋ ಬಿಟ್ಟೆ. ಬೀಡಿ ಎಂಬ ಹಳ್ಳಿಯಲ್ಲಿರುವ ನನ್ನ ಅಕ್ಕ ಬಿಟ್ಟಿರಲಿಲ್ಲ.

ಅವಳ ಹೊಲದ ಬದುವಿಗೆ ತಾಗಿದ್ದ ಕಾಡನ್ನು ಅದರ ಮಾಲೀಕ ಪ್ಲಾಟು ಹಾಕಲೆಂದು ಕಡಿಸಿದ. ಗೂಬೆ, ಮುಂಗುಸಿ, ಕಾಡುಬೆಕ್ಕು ಎಲ್ಲಿಗೋ ಹೋದವು. ಇಲಿಗಳು ಹೋಗಲಿಲ್ಲ. ಹಿಡಿದು ತಿನ್ನುವವರೇ ಇಲ್ಲದೆ ಹೆಚ್ಚಿಕೊಂಡು ಅಕ್ಕನ ಬಣಿವೆಗೆ, ಅಲ್ಲಿಂದ ಕಾಳಿನ ಕೋಣೆಗೆ ಬಂದವು. ಬೋನು ಇಡು ಎಂದು ನಾನು ಫೋನಿನಲ್ಲೇ ರೇಗಿದೆ.

“ಪಾಪ, ಮನಿ ಕಳಕೊಂಡು ಬಂದಾವ. ಹೆಂಗ ಹೊರಗ ಹಾಕ್ಲಿ?” ಎಂದಳು. ಆ ಸಲ ಇಲಿವಾರ ಮುಗಿದರೂ ಕೈ ಬಿಗಿ ಹಿಡಿಯಲಿಲ್ಲ. ದಿನಾ ಒಂದು ಹಿಡಿ ಅಕ್ಕಿ ಇಡತೊಡಗಿದಳು. ಅನ್ನಸತ್ರ ತೆರೆದೆಯಾ ಎಂದು ಭಾವ ಛೇಡಿಸುತ್ತಿದ್ದರಂತೆ.

ಮಳೆಗೆ ಆ ಕೋಣೆ ಸೋರಿ ನೀರು ನಿಂತಿತು. ಭಾವ ಬರಿಗಾಲಲ್ಲೇ ನಿಂತು ನೀರು ಬಳಿದು ಹಾಕಿದರು. ಅವರ ಹಿಮ್ಮಡಿ ಒಡೆದಿತ್ತು. ಕೆಲವು ದಿನಗಳಲ್ಲಿ ಜ್ವರ, ಮೀನಖಂಡಗಳಲ್ಲಿ ನೋವು, ಕಣ್ಣೆಲ್ಲ ಅರಿಶಿನ. ಬೆಳಗಾವಿಯ ಆಸ್ಪತ್ರೆಗೆ ತರುವಷ್ಟರಲ್ಲಿ ಕಿಡ್ನಿಯೂ ಕೈಕೊಡತೊಡಗಿತ್ತು.

“ಇಲಿಜ್ವರ ಐತ್ರಿ. ಇಲಿ ಮೂತ್ರ ಬಿದ್ದ ನೀರಿನಿಂದ ಬರತೈತಿ. ಮನ್ಯಾಗ ಇಲಿ ಭಾಳ ಅದಾವೇನ್ರಿ?” ಎಂದು ಡಾಕ್ಟರು ಕೇಳಿದರು.

ಅಕ್ಕ ನನ್ನ ಕಡೆ ತಿರುಗಿದಳು. “ನಾನ ಉಣಿಸಿ ಬೆಳಸೇನಿ, ತಂಗಿ. ಅವರಿಗೇನರ ಆದ್ರ ನನ್ನ ಕೈಯಾರೆ ಕೊಂದಂಗ.”

ನಾನೆಷ್ಟು ಹೇಳಿದರೂ ಅವಳು ಕೇಳಲಿಲ್ಲ. ಕಾಡು ಕಡಿದವನು ಯಾವನೋ, ಕೊರಗುವವಳು ಇವಳು.

ಭಾವ ಬದುಕಿ ಮನೆಗೆ ಹೋದರು. ಈಗ ಅವರ ಕಾಲಿಗೆ ಬೂಟು, ಅಕ್ಕಿಗೆ ಮುಚ್ಚಳದ ಡಬ್ಬಿ, ಕೋಣೆಯಲ್ಲಿ ಬೋನು. ಈ ವರ್ಷದ ಇಲಿವಾರಕ್ಕೆ ನಾನೂ ಹೋಗಿದ್ದೆ. ಅಕ್ಕ ಕಡುಬಿನ ತಾಟು ಹಿಡಿದು ಹೊಲದ ಕಡೆ ಹೊರಟಳು.

“ಅವುಗಳ ಮನಿ ಇದ್ದಲ್ಲೇ ಇಟ್ಟು, ತಿರುಗಿ ಹೋಗ್ರೆಪ್ಪಾ ಅಂತ ಕೈಮುಗಿತೇನಿ.”

ಬದು ದಾಟಿದೆವು. ಗರಸು ಮಣ್ಣು ಹೊಡೆದು ಸಪಾಟು ಮಾಡಿದ ನೆಲ, ನಡುನಡುವೆ ಪ್ಲಾಟಿನ ಕಲ್ಲು. ತಾಟು ಇಳಿಸಲು ಒಂದು ಮರದ ಬುಡವೂ ಇರಲಿಲ್ಲ. ಅಕ್ಕ ಸುತ್ತ ನೋಡಿದಳು.

“ಹೋಗ್ರಿ ಅಂದ್ರ ಎಲ್ಲಿಗೆ ಹೋಗ್ಬೇಕ ಅವು?” ಎಂದಳು. ತುಂಬಿದ ತಾಟನ್ನು ಹಾಗೇ ಹಿಡಿದು ಮನೆಗೆ ತಂದಳು.