ಹೊಸ ಯಂತ್ರ ಒಪ್ಪದ ಕಾರ್ಡು

ನಮ್ಮ ಆಫೀಸಿನಲ್ಲಿ ನಾನು ಅಣಕಿಸದ ಜೀವ ಇರಲಿಲ್ಲ. ಸಾಹೇಬರ ಕೆಮ್ಮು, ಜವಾನರ ಸಲಾಮು, ಯಾರೂ ಸಿಗದಿದ್ದರೆ ಕನ್ನಡಿಯ ಮುಂದೆ ನನ್ನದೇ ಒಣ ಠೀವಿ. ಎಲ್ಲರೂ ಮತ್ತೆ ಮತ್ತೆ ಮಾಡಿಸುತ್ತಿದ್ದದ್ದು ಮಾತ್ರ ಕಂಪ್ಯೂಟರಿನದು. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಅದು ನುಂಗುವ ಖಟಖಟ ಸದ್ದು ನನ್ನ ನಾಲಿಗೆಯ ಮೇಲೇ ಕೂತಿತ್ತು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಬ್ಬಳ್ಳಿಯ ಆ ಆಫೀಸಿನಲ್ಲಿ ಗೋದಾಮಿನ ಸಾಮಾನಿನ ಲೆಕ್ಕ ಇಡುತ್ತಿದ್ದ ಯಂತ್ರಕ್ಕೆ ವಯಸ್ಸಾಗಿ ಹೊಸದು ಬಂತು. ಜೊತೆಗೆ ಹೊಸ ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿ. ಅದರ ಮೇಲೊಬ್ಬ ಕಾರಭಾರಿ, ಆಪರೇಟಿಂಗ್ ಸಿಸ್ಟಮ್. ಹಳೆಯದಕ್ಕೆ ಇಂಥ ಕಾರಭಾರಿ ಇರಲಿಲ್ಲ. ಕೊಟ್ಟದ್ದನ್ನು ಸುಮ್ಮನೆ ತಿನ್ನುತ್ತಿತ್ತು.

ಹೊಸ ಯಂತ್ರದ ಪರೀಕ್ಷೆಯ ದಿನ ಮುಂಬಯಿಯಿಂದ ಇಂಜಿನಿಯರು ಬಂದರು, ಮೂಲ ಧಾರವಾಡದವರು. ಸಾಹೇಬರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು: ಸಂಜೆಯೊಳಗೆ ಹಳೇ ಪ್ರೋಗ್ರಾಮು ಇದರಲ್ಲಿ ನಡೆಯದಿದ್ದರೆ ಕೆಲಸ ಮುಂಬಯಿಗೆ, ಟೆಂಪರರಿಗಳು ಮನೆಗೆ. ಟೆಂಪರರಿ ಎಂದರೆ ನಾನು. ಶಿರಗುಪ್ಪಿಯಲ್ಲಿ ಅವ್ವ, ಮಗ ಮಶಿನ್ ಆಡಿಸುತ್ತಾನೆಂದು ಓಣಿಗೆಲ್ಲ ಸಾರಿ ಮುಗಿಸಿದ್ದಳು. ಹೊರಗೆ ಹಳೇ ಯಂತ್ರವನ್ನು ಲಾರಿಗೆ ಹೇರುತ್ತಿದ್ದರು.

ಕಾರ್ಡಿನ ಕಟ್ಟನ್ನಿಟ್ಟು ಗುಂಡಿ ಒತ್ತಿದೆ. ಯಂತ್ರ ನಿಂತಿತು. ಮತ್ತೆ ಒತ್ತಿದೆ. ಮತ್ತೆ ಕೆಂಪು ದೀಪ.

"ಈಗ ಮಾಡಪಾ ನಿನ್ನ ಅಣಕ" ಎಂದು ಕಾಕಾ ಕಿವಿಯಲ್ಲಿ ಚುಚ್ಚಿದರು. ಕಾಕಾ ಎಂದರೆ ನಮ್ಮ ಕಾರ್ಡು ವಿಭಾಗದ ಹಿರಿಯರು.

ಫೋನು ಮುಗಿಸಿ ಬಂದ ಇಂಜಿನಿಯರು ಕೇಳಿದರು, "ಎಲ್ಲಿ ನಿಲ್ಲತೈತಿ ಇದು?"

"ಗೊತ್ತಿಲ್ರಿ ಸರ್."

"ಕಿವಿ ಇಲ್ಲೇನು? ಹೆಂಗ ಸದ್ದು ಮಾಡಿ ನಿಂತತಿ, ಹೇಳ್ರಿ."

ಚಟ ನೋಡಿ, ಬಾಯಿ ತಾನೇ ತೆರೆಯಿತು. "ಖಟ್."

"ಮುಂದ?"

"ಮುಂದೇನಿಲ್ರಿ. ಇಷ್ಟ."

ಯಾರೋ ಕಿಸಕ್ಕೆಂದರು. ಇಂಜಿನಿಯರು ನಗಲಿಲ್ಲ. "ಒಂದ ಖಟ್ ಅಂದ್ರ ಮೊದಲನೇ ಕಾರ್ಡು. ತಗೀರಿ ಅದನ್ನ."

ಅದರಲ್ಲಿದ್ದದ್ದು ಶ್ರೀ. ಪತ್ರಕ್ಕೆ, ಲಗ್ನದ ಸಾಮಾನಿನ ಯಾದಿಗೆ ಬರೆಯುವ ಹಾಗೆ ನಾವು ಪ್ರತಿ ಪ್ರೋಗ್ರಾಮಿನ ತಲೆಗೂ ಇಂಗ್ಲಿಷ್ ಅಕ್ಷರದಲ್ಲಿ ಒಂದು ಶ್ರೀ ಹೊಡೆದಿಡುತ್ತಿದ್ದೆವು. ಹಳೇ ಕಂಪೈಲರು ಅರ್ಥವಾಗದ್ದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಹೊಸ ಕಾರಭಾರಿಗೆ ಮೊದಲ ಕಾರ್ಡಿನಲ್ಲಿ ತನಗೆ ತಿಳಿಯುವ ಅಪ್ಪಣೆಯೇ ಬೇಕು.

"ಯಾರದಿದು ಶ್ಯಾಣೇತನ?"

"ಎಲ್ಲಾರದೂರಿ" ಎಂದರು ಕಾಕಾ. "ಶ್ರೀ ಇಲ್ದ ಶುರು ಮಾಡೂದು ಹೆಂಗ್ರಿ ಇಂಜಿನಿಯರ್ ಸಾಹೇಬ್ರ? ಏನರ ಹೆಚ್ಚು ಕಡಿಮಿ ಆದ್ರ?"

"ಇನ್ನೇನು ಆಗೂದು ಉಳದೈತಿ, ಕಾಕಾ?" ಎಂದರು ಇಂಜಿನಿಯರು.

ಕಾಕಾ ಕೈ ಹಿಂದೆ ಕಟ್ಟಿಕೊಂಡರು. ಎಲ್ಲರೂ ನನ್ನನ್ನೇ ನೋಡಿದರು. ಒಂದು ಕಡೆ ನೌಕರಿ, ಇನ್ನೊಂದು ಕಡೆ ದೇವರು. ಕಣ್ಣು ಮುಚ್ಚಿ ಆ ಕಾರ್ಡು ಎಳೆದು ಮತ್ತೆ ಗುಂಡಿ ಒತ್ತಿದೆ. ಯಂತ್ರ ಖಟಖಟ ಓಡಿತು. ಉಸಿರು ಬಿಡಬೇಕೆನ್ನುವಷ್ಟರಲ್ಲಿ ನಡುವೆಯೇ ನಿಂತಿತು.

"ನಾ ಹೇಳಲಿಲ್ಲ?" ಎಂದ ಕಾಕಾರ ಮುಖ ಬಿಳಚಿಕೊಂಡಿತ್ತು.

ದೇವರ ಸಿಟ್ಟೇ ಎಂದು ನಾನೂ ನಂಬಿದೆ. ಇಂಜಿನಿಯರು ನಡುವಿನಿಂದ ಒಂದು ಕಾರ್ಡು ಹಿರಿದು ಬೆಳಕಿಗೆ ಹಿಡಿದರು. ಮತ್ತೊಂದು ಶ್ರೀ. ಆಮೇಲೆ ಸೇರಿಸಿದ ಭಾಗವನ್ನೂ ಯಾರೋ ಶಾಸ್ತ್ರೋಕ್ತವಾಗಿ ಶುರು ಮಾಡಿದ್ದರು. ಅದು ಹೊಸ ದುಭಾಷಿಗೂ ತಿಳಿಯಲಿಲ್ಲ.

"ಇಂಥಾವು ಇನ್ನೆಷ್ಟು ಅದಾವು?"

"ಭಾಗಕ್ಕೊಂದು ಇರ್ತಾವ್ರಿ" ಎಂದೆ. "ಕಪಾಟಿನ್ಯಾಗಿನ ಎಲ್ಲಾ ಕಟ್ಟಿನ್ಯಾಗೂ."

ಅವರು ಕೋಟು ಕಳಚಿ ನೆಲದ ಮೇಲೆ ಕೂತರು. ಎಲ್ಲರೂ ಕಟ್ಟು ಬಿಚ್ಚಿ ಶ್ರೀ ಹುಡುಕುತ್ತ ಕೂತೆವು. ಒಂದು ಕಟ್ಟು ಕೈಜಾರಿ ಚೆಲ್ಲಿದರೆ ಕಾರ್ಡಿನ ಸರದಿ ಹೋಗಿ ಪ್ರೋಗ್ರಾಮೇ ಹೋಯಿತು. ಸ್ವಲ್ಪ ಹೊತ್ತಿಗೆ ಕಾಕಾ ಕೂಡ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು, ತೆಗೆಯತೊಡಗಿದರು.

ಸಂಜೆ ಗೋದಾಮಿನ ಪಟ್ಟಿ ಕೊನೆಯ ಸಾಲಿನವರೆಗೂ ಅಚ್ಚಾಯಿತು. ಸಾಹೇಬರು ಅದನ್ನು ನೋಡಿ, "ನಾಳಿ ಮುಂಜಾನಿ ಲಗೂ ಬಾ" ಎಂದಷ್ಟೇ ನನಗೆ ಹೇಳಿದರು. ಹಳೇ ಯಂತ್ರ ಹೊತ್ತ ಲಾರಿ ಆಗಲೇ ಹೊರಟುಹೋಗಿತ್ತು. ಯಾವುದಾದರೂ ಕಟ್ಟಿನ ಹೊಟ್ಟೆಯಲ್ಲಿ ಒಂದು ಶ್ರೀ ಉಳಿದಿದ್ದರೆ? ಬೆಳಿಗ್ಗೆ ಜವಾನ ಬಾಗಿಲು ತೆರೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಕೂತಿದ್ದೆ.