ಮಷೀನಿನ ಹಿಡಿಕೆ

ಆ ಬೆಳಿಗ್ಗೆಯೂ ನಾನು ರೊಟ್ಟಿ ಬಡಿಯುತ್ತಿದ್ದೆ. ನಿಜಾಮರ ಕಾಲದ ಮಸ್ಕಿ. ಹೊಲಿಗೆ ಮಷೀನು ಮಾರುವ ಹೆಂಗಸೊಬ್ಬಳು ಲಿಂಗಸುಗೂರಿನಿಂದ ಬಂಡಿಯಲ್ಲಿ ಬಂದು, ಮಷೀನೊಂದನ್ನು ಮುಂದಿಟ್ಟುಕೊಂಡು ನಮ್ಮ ಪಡಸಾಲೆಯಲ್ಲಿ ಕುಳಿತಳು. ಒಂದಾದರೂ ಮಾರದಿದ್ದರೆ ಕೆಲಸ ಹೋಗುತ್ತದೆಂದು ಬಾಗಿಲಲ್ಲೇ ನನ್ನ ಕಿವಿಯಲ್ಲಿ ಹೇಳಿದ್ದಳು. ಬಾಯಿಪಾಠ ಒಪ್ಪಿಸತೊಡಗಿದವಳನ್ನು ಅತ್ತೆ ಅರ್ಧಕ್ಕೇ ತಡೆದರು.

"ಸಾಕ್ ಮಾಡವಾ. ಆ ಸೂಜಿ ಹಂಗ ಕುಟ್ಟಿದ್ರ ಕುಪ್ಪಸದ ಖಣ ಚಿಂದಿ ಆಗ್ತೈತಿ!"

ಆಕೆ ವಾದಿಸಲಿಲ್ಲ. ಹಗ್ಗದ ಮೇಲೆ ಒಣಗುತ್ತಿದ್ದ ಅತ್ತೆಯ ಕುಪ್ಪಸದ ಕಂಕುಳ ಹೊಲಿಗೆ ಬಿಚ್ಚಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಅದನ್ನು ತರಿಸಿ, ಸೂಜಿಯ ಕೆಳಗಿಟ್ಟು, ತನ್ನ ಕೈ ಹಿಂದಕ್ಕೆಳೆದುಕೊಂಡಳು.

"ಹಿಡಿಕಿ ನೀವ ತಿರುವ್ರಿ ಅವ್ವಾರ. ಗಂಡಸು ದರ್ಜಿಗೆ ಅಳತಿ ಕೊಡೋದು ಇನ್ನ ಯಾಕ್ರಿ?"

ಅತ್ತೆ ಅಳುಕುತ್ತಲೇ ತಿರುವಿದರು. ಹೊಲಿಗೆ ಇರುವೆಯ ಸಾಲಿನಂತೆ ಸಾಗಿತು. ಹೊಲಿದು ಮುಗಿದರೂ ಅವರು ಹಿಡಿಕೆ ಬಿಡಲಿಲ್ಲ. ಬಾಯಿ ಮಗುವಿನ ಹಾಗೆ ತೆರೆದೇ ಇತ್ತು. ಮಷೀನು ನಮ್ಮಲ್ಲೇ ಉಳಿಯಿತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಂಡಿ ಹತ್ತಿದಳು.

ಎದ್ದು ನಿಂತು ಚಂದವಾಗಿ ಮಾತಾಡುವುದನ್ನು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ಮಾತು ನಿಲ್ಲಿಸಿ ಹಿಡಿಕೆಯನ್ನೇ ಎದುರಿನವರ ಕೈಗೆ ಕೊಡುವುದನ್ನು ಅಂದೇ ಕಂಡು ಬೆರಗಾದೆ. ಸಂಜೆ ಗೋಡೆಯಾಚೆಯಿಂದ ಪಕ್ಕದ ಮನೆಯ ಶರಣಮ್ಮ ಕೂಗಿದಳು: "ಏನ್ರೀ, ಮುಂಜಾನಿಂದ ಟಕಟಕ ಅನ್ನಾಕತ್ತೈತಿ! ನಿಮ್ಮತ್ತಿ ಊಟಾನರ ಮಾಡ್ಯಾರೋ ಇಲ್ಲೋ?"